ಸ್ಕೇಲು ಹಿಡಿದು ಕಂಪ್ಯೂಟರ್ ಓದಿದವಳು

ಟೈಪಿಂಗ್ ಅಕ್ಕನ ಕಣ್ಣಿಗೆ ಬಿದ್ದ ಅಕ್ಷರ ಓದಿಸಿಕೊಳ್ಳದೆ ಹೋದದ್ದಿಲ್ಲ. ಸೋಪಿನ ಪೊಟ್ಟಣದ ಹಿಂಬದಿ, ಬಸ್ ಟಿಕೆಟ್ಟಿನ ಕೆಳಗಿನ ಸಣ್ಣಕ್ಷರ, ಮಾತ್ರೆಯ ಡಬ್ಬಿಯೊಳಗೆ ಹತ್ತು ಮಡಿಕೆ ಮಡಚಿಟ್ಟ ಕಾಗದ, ಎಲ್ಲವನ್ನೂ ಅವಳು ಓದುತ್ತಾಳೆ. "ನಮ್ಮನೆಯವಳಿಗೆ ಸಾಮಾನು ಕಟ್ಟಿದ ಪೇಪರ್ ಕೊಟ್ರೆ ಸಾಕು, ಒಳಗಿನ ಸಾಮಾನು ಮರ್ತೇಬಿಡ್ತಾಳೆ" ಎಂದು ಗಂಡ ನಾಲ್ಕು ಜನರ ಮುಂದೆ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಆ ಮನೆಯಲ್ಲಿ ಅವಧಿ ಮುಗಿದ ಔಷಧ ಯಾರ ಹೊಟ್ಟೆಗೂ ಹೋಗಿರಲಿಲ್ಲ. ಅದು ಹೇಗೆ ಎಂದು ಯಾರೂ ಕೇಳಿರಲಿಲ್ಲ.

ಓದುವ ಅಭ್ಯಾಸ ಹತ್ತಿದ್ದು ಕಚೇರಿಯಲ್ಲಿ. ಹನ್ನೊಂದು ವರ್ಷ ಅವಳು ಟೈಪಿಸ್ಟ್ ಆಗಿದ್ದಳು. ಅಲ್ಲಿ ಒಂದು ಕಟ್ಟಳೆಯಿತ್ತು: ಟೈಪಾದ ಪ್ರತಿ ಪುಟದ ಮೇಲೆ ಒಂದಡಿ ಸ್ಕೇಲು ಇಟ್ಟು, ಒಂದು ಸಾಲು ಪೂರ್ತಿ ಓದಿ, ಆಮೇಲೆಯೇ ಸ್ಕೇಲನ್ನು ಕೆಳಗಿನ ಸಾಲಿಗೆ ಸರಿಸಬೇಕು. ಒಂದು ಸಾಲು ಹಾರಿಸಿದರೆ ಇಡೀ ಪುಟ ಮತ್ತೆ ಮೊದಲಿಂದ. ಅತ್ತೆಗೆ ಸಂಧಿವಾತ ಬಂದ ವರ್ಷ ಅವಳು ಆ ಕೆಲಸ ಬಿಟ್ಟಳು. "ಬಿಟ್ಟಳು" ಎಂದೇ ಮನೆಯವರೆಲ್ಲ ಹೇಳುತ್ತಾರೆ. ಬಿಡಿಸಿದೆವು ಎಂದು ಹೇಳುವವರಿಲ್ಲ. ಮೇಜು, ಕುರ್ಚಿ, ಸಂಬಳ ಎಲ್ಲ ಅಲ್ಲೇ ಉಳಿದವು. ಅಂಚಿಗೆ ಲೋಹದ ತಗಡು ಬಡಿದ ಮರದ ಸ್ಕೇಲು ಮಾತ್ರ ಅವಳ ಜೊತೆ ಮನೆಗೆ ಬಂತು.

ಮನೆಯ ಕಂಪ್ಯೂಟರ್ ಇದ್ದದ್ದು ಹಾಲ್‌ನ ಮೂಲೆಯಲ್ಲಿ, ಚಪ್ಪಲಿ ಗೂಡಿಗೂ ಇಸ್ತ್ರಿಗೆ ಕಾದಿದ್ದ ಬಟ್ಟೆಯ ರಾಶಿಗೂ ನಡುವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದು ಅವಳದು. ಆ ಎರಡು ಗಂಟೆ ಸುಮ್ಮನೆ ಸಿಕ್ಕಿದ್ದಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಎರಡು ಹೊತ್ತಿನ ಅಡುಗೆಯನ್ನು ಒಂದೇ ಬೀಸಿಗೆ ಮುಗಿಸಿ, ಪಾತ್ರೆ ತೊಳೆದು, ಬಟ್ಟೆ ಒಗೆದು, ನೆಲ ಒರೆಸಿ, ಅತ್ತೆಯ ಕಣ್ಣಿಗೆ ಹನಿ ಹಾಕಿ, ಅವರು ಮಲಗಿದ ಮೇಲೆ ಉಳಿಯುತ್ತಿದ್ದ ಹೊತ್ತು ಅದು. ಹತ್ತಿರದ ಬೀದಿಯ ವಕೀಲೆಯೊಬ್ಬರು ಸಾಕ್ಷಿ ಹೇಳಿಕೆ, ಅರ್ಜಿ, ನೋಟಿಸು ಬರೆದು ಕಳಿಸುತ್ತಿದ್ದರು. ಇವಳು ಟೈಪು ಮಾಡಿ ಕೊಡುತ್ತಿದ್ದಳು. ಅಕ್ಕ ಎಂಬ ಹೆಸರಿಗೆ ಟೈಪಿಂಗ್ ಸೇರಿಸಿದವರು ಆ ವಕೀಲೆಯೇ.

ತೊಂದರೆ ಮೊದಲು ಬಂದದ್ದು ಬಲು ನಯವಾಗಿ. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೇಲೆದ್ದು, "ಅಭಿನಂದನೆಗಳು! ನೀವು ಗೆದ್ದಿದ್ದೀರಿ" ಎಂದಿತು. ಏನು ಗೆದ್ದಳೆಂದು ಹೇಳಲಿಲ್ಲ. ಆಮೇಲೆ ಬ್ರೌಸರ್ ತೆರೆದರೆ ಅವಳು ಯಾವತ್ತೂ ಕಂಡಿರದ ಹುಡುಕುವ ಪುಟ ಬರತೊಡಗಿತು. ನ್ಯಾಯಾಲಯದ ತಾರೀಕುಗಳ ಪಟ್ಟಿಯ ನಡುವೆ ಕೂದಲು ಬೆಳೆಸುವ ಎಣ್ಣೆ ಕಾಣಿಸಿಕೊಂಡಿತು. ಎರಡನೇ ವಾರ ಕೆಂಪು ಹಲಗೆಯೊಂದು ಕೂಗತೊಡಗಿತು: "ನಿಮ್ಮ ಕಂಪ್ಯೂಟರಿನಲ್ಲಿ ಹದಿಮೂರು ವೈರಸ್! ಈಗಲೇ ಸ್ವಚ್ಛಗೊಳಿಸಿ!" ಕಂಪ್ಯೂಟರ್ ಕಾಲೆಳೆದುಕೊಂಡು ನಡೆಯತೊಡಗಿತು. ಅವಳು ಒಂದು ಅಕ್ಷರ ಒತ್ತಿ, ಅದು ಪರದೆಗೆ ಬರುವವರೆಗೆ ಕಾಯಬೇಕಾಯಿತು.

ಮೂರನೇ ವಾರದ ಗುರುವಾರ ಅತ್ತೆ ಹನಿ ಹಾಕಿಸಿಕೊಳ್ಳಲೆಂದು ಹಾಲ್‌ಗೆ ಬಂದರು. ಅವರ ಕಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಗಿತ್ತಷ್ಟೆ. ಹೊಸ ಕಣ್ಣಿಗೆ ಎಲ್ಲವೂ ರಾಚುವಷ್ಟು ಸ್ಪಷ್ಟ. ಅವರು ಬಂದು ನಿಂತದ್ದೇ ತಡ, ಪರದೆಯ ತುಂಬ ಅರೆಬರೆ ಬಟ್ಟೆಯ ಹೆಂಗಸೊಬ್ಬಳು ಹರಡಿಕೊಂಡಳು. "ನಿಮ್ಮ ಹತ್ತಿರದಲ್ಲೇ ಇದ್ದೇನೆ, ಮಾತಾಡಿ" ಎಂದು ಅಡಿಬರಹ.

"ಅಯ್ಯೋ, ಇದೇನೇ ಇದು! ದಿನಾ ಮಧ್ಯಾಹ್ನ ನೀನು ಟೈಪ್ ಮಾಡೋದು ಇದನ್ನೇನೇ?"

"ಅತ್ತೆ, ನಾನೇನೂ ಮಾಡ್ಲಿಲ್ಲ. ಅದು ತಾನಾಗೇ ಬರುತ್ತೆ."

"ತಾನಾಗೇ ಬರೋಕೆ ಅದೇನು ಜಿರಳೆಯೇನೇ?"

ಸಂಜೆ ಗಂಡ ಬಂದು ಚಪ್ಪಲಿ ಬಿಡುವ ಮೊದಲೇ ಸುದ್ದಿ ಅವನ ಕಿವಿಗೆ ಬಿತ್ತು. ಅವನು ವಿಚಾರಣೆಯನ್ನೂ ತೀರ್ಪನ್ನೂ ಒಂದೇ ಉಸಿರಿಗೆ ಮುಗಿಸಿದ. "ನಾನು ಅದರಲ್ಲಿ ನ್ಯೂಸ್ ನೋಡೋದು ಬಿಟ್ರೆ ಬೇರೇನೂ ಮುಟ್ಟಲ್ಲ. ದಿನಾ ಎರಡು ಗಂಟೆ ಅದರ ಮುಂದೆ ಕೂರೋದು ಯಾರು? ಸಿಕ್ಕಿದ್ದೆಲ್ಲಾ ಓದೋಳು, ಸಿಕ್ಕಿದ್ದೆಲ್ಲಾ ಒತ್ತದೆ ಇರ್ತೀಯಾ?"

ಅಲ್ಲೇ ತಮ್ಮನಿಗೆ ಫೋನು ಹೋಯಿತು. ಮೈದುನನನ್ನು ಇಡೀ ಬಳಗ ಇಂಜಿನಿಯರ್ ಎಂದೇ ಕರೆಯುತ್ತದೆ. ಅವನು ಓದಿದ್ದು ವಾಣಿಜ್ಯ. ಒಮ್ಮೆ ಕೆಟ್ಟು ನಿಂತ ಟೀವಿಗೆ ಬೆನ್ನ ಮೇಲೊಂದು ಬಾರಿಸಿ ಬದುಕಿಸಿದ್ದ. ಪದವಿ ಸಿಕ್ಕಿದ್ದು ಹಾಗೆ. ಸ್ಪೀಕರ್‌ನಲ್ಲಿ ಅವನ ದನಿ ಹಾಲ್ ತುಂಬ ಕೇಳಿಸಿತು: "ಅಣ್ಣಾ, ತಲೆ ಕೆಡಿಸ್ಕೋಬೇಡ. ಭಾನುವಾರ ಬಂದು ಫಾರ್ಮ್ಯಾಟ್ ಹೊಡೆದುಬಿಡ್ತೀನಿ. ಎಲ್ಲಾ ಗುಡಿಸಿ ಹಾಕಿದ ಹಾಗೆ."

"ಹಾಗೇ ಒಂದು ಪಾಸ್‌ವರ್ಡೂ ಹಾಕ್ಬಿಡು. ನನ್ನ ಹತ್ರ ಇರಲಿ. ಬೇಕಾದಾಗ ಕೇಳಿದ್ರೆ ತೆಗೆದುಕೊಡ್ತೀನಿ" ಎಂದ ಗಂಡ.

ಅವನು ಮನೆಗೆ ಬರುವುದು ಏಳು ಗಂಟೆಗೆ. ಏಳರಿಂದ ಮಲಗುವವರೆಗೆ ಅವಳಿಗೆ ಅಡುಗೆಮನೆಯಲ್ಲಿ ಕೆಲಸ. ಪಾಸ್‌ವರ್ಡು ಅವನ ಜೇಬಿಗೆ ಹೋದರೆ ಎರಡರಿಂದ ನಾಲ್ಕು ಎಂಬ ಹೊತ್ತು ಅವಳ ದಿನದಿಂದಲೇ ಅಳಿಸಿಹೋಗುತ್ತದೆ, ಜೊತೆಗೆ ವಕೀಲೆಯ ಕೆಲಸವೂ. ನೂರ ಅರವತ್ತು ಪುಟದ ಸಾಕ್ಷಿ ಹೇಳಿಕೆ ಅರ್ಧ ಮುಗಿದಿತ್ತು. ಪುಟಗಳನ್ನು ಪೆನ್‌ಡ್ರೈವಿಗೆ ತುಂಬಿಟ್ಟುಕೊಳ್ಳಬಹುದು. ಎರಡರಿಂದ ನಾಲ್ಕನ್ನು ಯಾವ ಡ್ರೈವಿಗೆ ತುಂಬುವುದು?

ಶುಕ್ರವಾರ ಬೆಳಿಗ್ಗೆ ಬಟ್ಟೆ ಹಿಂಡುತ್ತಲೇ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ವಕೀಲೆಗೆ ವಿಷಯ ತಿಳಿಸಿದಳು. ಕೊನೆಯ ಮಾತು ಅಳುವಿನಲ್ಲಿ ಮುಗಿಯಿತು.

"ಅಕ್ಕಾ, ಅಳೋದು ಆಮೇಲೆ ಇಟ್ಕೊಳ್ಳಿ" ಎಂದರು ವಕೀಲೆ. "ಯಾರಾದ್ರೂ ನಿಮ್ಮ ಮೇಲೆ ತಪ್ಪು ಹೊರಿಸಿದ್ರೆ ಮೊದಲು ಕೇಳ್ಬೇಕಾದ್ದು ತಾರೀಕು. ಇದು ಶುರುವಾಗಿದ್ದು ಯಾವತ್ತು?"

ತಾರೀಕು! ಹನ್ನೊಂದು ವರ್ಷ ಸಾವಿರಾರು ಕಾಗದದ ತಲೆಯ ಮೇಲೆ ತಾರೀಕು ಹೊಡೆದವಳಿಗೆ ಇದು ಹೊಳೆಯಲಿಲ್ಲವಲ್ಲ!

ಅವತ್ತು ಎರಡಕ್ಕೆ ಅವಳು ಟೈಪು ಮಾಡಲಿಲ್ಲ. ಮೊದಲು ತನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ನಂತರ ಅದೇ ನ್ಯಾಯಾಲಯದ ಪುಟವನ್ನು ತನ್ನ ಫೋನಿನಲ್ಲಿ ತೆರೆದು ನೋಡಿದಳು. ಅಲ್ಲಿ ಎಣ್ಣೆಯೂ ಇಲ್ಲ, ಹೆಂಗಸೂ ಇಲ್ಲ. ಹಾಗಾದರೆ ದೋಷ ಆ ಪುಟದ್ದಲ್ಲ. ಇಂಟರ್ನೆಟ್ಟಿನ ವೈರನ್ನೇ ಕಿತ್ತು ಕಾದಳು. ಐದು ನಿಮಿಷಕ್ಕೆ ಕೆಂಪು ಹಲಗೆ ಮತ್ತೆ ಎದ್ದು ಹದಿಮೂರು ವೈರಸ್ ಎಂದು ಕೂಗಿತು. ಅಂದರೆ ಇದು ಬೀದಿಯಿಂದ ಕೇಳಿಬರುವ ಗಲಾಟೆಯಲ್ಲ. ಯಾರೋ ಮನೆಯೊಳಗೇ ಬಂದು ಕೂತಿದ್ದಾರೆ. ಎರಡನೇ ವಾರದಿಂದಲೂ ಅದೇ ಹದಿಮೂರು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. "ಎಣಿಸೋಕೂ ಸೋಮಾರಿತನ ನಿಂಗೆ" ಎಂದು ಅವಳು ಅದಕ್ಕೇ ಹೇಳಿದಳು. "ಈಗಲೇ ಸ್ವಚ್ಛಗೊಳಿಸಿ" ಎಂಬ ಗುಂಡಿಯ ಹತ್ತಿರ ಮಾತ್ರ ಬೆರಳು ಒಯ್ಯಲಿಲ್ಲ. ಬೀಗ ಒಡೆದವನೇ ಬಾಗಿಲಿಗೆ ಬಂದು ಹೊಸ ಬೀಗ ಮಾರಿದರೆ ಕೊಳ್ಳುತ್ತಾರೆಯೇ?

ಫೋನಿನಲ್ಲಿ ಹುಡುಕಿ ಓದಿದಳು. ಇಂಥದ್ದಕ್ಕೆ ಆ್ಯಡ್‌ವೇರ್ ಎನ್ನುತ್ತಾರೆಂದು ತಿಳಿಯಿತು: ಬೇರೆ ಯಾವುದೋ ಪುಕ್ಕಟೆ ಪ್ರೋಗ್ರಾಮಿನ ಬೆನ್ನು ಹತ್ತಿ ಒಳಗೆ ಬಂದು ಜಾಹೀರಾತು ಹರಡುತ್ತಾ ಕೂರುವ ಅತಿಥಿ. ಕಂಪ್ಯೂಟರಿನಲ್ಲಿ ಏನೇನು ಹಾಕಲಾಗಿದೆ ಎಂಬ ಪಟ್ಟಿ ತೆರೆಯುವುದನ್ನೂ, ಅದನ್ನು ತಾರೀಕಿನ ಪ್ರಕಾರ ಜೋಡಿಸುವುದನ್ನೂ ಕಲಿತಳು. ಪಟ್ಟಿ ತೆರೆಯಿತು. ಅರವತ್ತಮೂರು ಸಾಲು. ಒಂದೊಂದರಲ್ಲೂ ಪ್ರೋಗ್ರಾಮಿನ ಹೆಸರು, ಮಾಡಿದವರ ಹೆಸರು, ತಾರೀಕು.

ಅವಳು ಎದ್ದು ಹೋಗಿ ಸ್ಕೇಲು ತಂದಳು. ಪರದೆಗೆ ಅಡ್ಡ ಹಿಡಿದು, ಒಂದೊಂದೇ ಸಾಲು ಓದುತ್ತಾ ಕೆಳಗೆ ಸರಿಸಿದಳು. ಪ್ರಿಂಟರಿನದು, ಸರಿ. ಅಕ್ಷರ ವಿನ್ಯಾಸದ್ದು, ಸರಿ. ಕ್ಯಾಮೆರಾದ್ದು, ಸರಿ. ಹತ್ತೊಂಬತ್ತನೇ ತಾರೀಕಿನಂದು ಸ್ಕೇಲು ನಿಂತಿತು. ಒಂದೇ ದಿನ ಮೂರು: "ಫ್ರೀ ಮ್ಯಾಚ್ ಪ್ಲೇಯರ್", "ಕೂಪನ್ ಗೆಳತಿ", "ಸ್ಪೀಡ್ ಡಾಕ್ಟರ್".

ಹತ್ತೊಂಬತ್ತು. ಎಲ್ಲೋ ನೋಡಿದ ಅಂಕೆ. ನೋಡಿದ್ದಲ್ಲ, ತಾನೇ ಬರೆದದ್ದು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲ ಮುಂದೆ ನಿಂತಳು. ಅಲ್ಲಿ ಅತ್ತೆಯ ಕಣ್ಣಿನ ಹನಿಯ ಪಟ್ಟಿ ಅಂಟಿಸಿತ್ತು. ದಿನಕ್ಕೆ ನಾಲ್ಕರಂತೆ ಅವಳದೇ ಕೈಯ ಗುರುತುಗಳು. ಪಟ್ಟಿಯ ತಲೆಯಲ್ಲಿ ಅವಳದೇ ಅಕ್ಷರ: ಶಸ್ತ್ರಚಿಕಿತ್ಸೆ, ಹತ್ತೊಂಬತ್ತು. ಅವತ್ತು ಬೆಳಿಗ್ಗೆ ಆರಕ್ಕೆ ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಗೆ ಹೋದವರು ಮರಳಿದ್ದು ಸಂಜೆ ಆರಕ್ಕೆ. ತಾಯಿಯ ಆಪರೇಷನ್ ಎಂದು ರಜೆ ಹಾಕಿದ್ದ ಗಂಡ, "ಆಸ್ಪತ್ರೆ ವಾಸನೆ ನಂಗಾಗಲ್ಲ, ತಲೆ ಸುತ್ತುತ್ತೆ" ಎಂದು ಮನೆಯಲ್ಲೇ ಉಳಿದಿದ್ದ.

ಫ್ರಿಜ್ಜಿಗೆ ಒರಗಿಕೊಂಡು ಅವಳು ನಕ್ಕಳು. ಕೋಪವೂ ಬಂತು, ಆದರೆ ನಗು ಮುಂದೆ ಬಂದು ನಿಂತಿತು.

ಕಿತ್ತು ಹಾಕುವ ಕೆಲಸ ಬೇಗ ಮುಗಿಯಲಿಲ್ಲ. ಕೂಪನ್ ಗೆಳತಿಯನ್ನು ತೆಗೆಯಹೋದರೆ ಅಳುವ ಮುಖವೊಂದು ಬಂದು "ನಿಜವಾಗಿಯೂ ನನ್ನನ್ನು ಬಿಟ್ಟುಬಿಡುತ್ತೀರಾ?" ಎಂದಿತು. ಅಂಗೈ ಅಗಲದ ಹಸಿರು ಗುಂಡಿಯಲ್ಲಿ "ಇರಲಿ ಬಿಡಿ" ಎಂದಿತ್ತು. ಅದರಡಿ ಬೂದು ಹಿನ್ನೆಲೆಯಲ್ಲಿ ಬೂದು ಬಣ್ಣದಲ್ಲೇ, ಸಾಸಿವೆ ಕಾಳಿನಷ್ಟು ಅಕ್ಷರ: "ತೆಗೆಯಿರಿ". ಸ್ಕೇಲು ಅಲ್ಲಿಯೂ ನಿಂತಿತು. ಸ್ಪೀಡ್ ಡಾಕ್ಟರ್ ಇನ್ನೂ ಘಾಟಿ. "ರಕ್ಷಣೆಯನ್ನು ಮುಂದುವರಿಸದಿರುವುದನ್ನು ನೀವು ರದ್ದುಪಡಿಸಲು ಬಯಸುವುದಿಲ್ಲವೇ?" ಎಂದು ಕೇಳಿ, ಹೌದು ಮತ್ತು ಇಲ್ಲ ಎಂಬ ಎರಡು ಗುಂಡಿ ಇಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಗಿರ್ರೆನ್ನುತ್ತಿತ್ತು. ವಕೀಲರ ವಾಕ್ಯಗಳನ್ನು ವರ್ಷಗಟ್ಟಲೆ ಟೈಪು ಮಾಡಿದವಳಿಗೆ ಇದು ಎಳೆಗೂಸಿನ ತೊದಲು. ಎರಡು ಸಲ ಓದಿ, ಸರಿಯಾದದ್ದನ್ನು ಒತ್ತಿದಳು. ಮ್ಯಾಚ್ ಪ್ಲೇಯರ್ ತಕರಾರಿಲ್ಲದೆ ಹೋಯಿತು. ಆಮೇಲೆ ಬ್ರೌಸರಿಗೆ ಬಂದಳು. ಅದಕ್ಕೆ ಯಾರೋ ಸಿಕ್ಕಿಸಿದ್ದ ಎರಡು ಬಾಲಂಗೋಚಿಗಳನ್ನು ಕಿತ್ತಳು, ಹಳೆಯ ಹುಡುಕುವ ಪುಟವನ್ನು ಮರಳಿ ಕೂರಿಸಿದಳು, ಸೂಚನೆ ಕಳಿಸಲು ಅನುಮತಿ ಪಡೆದಿದ್ದ ಮೂವತ್ತು ಚಿಲ್ಲರೆ ಅಪರಿಚಿತ ಜಾಲತಾಣಗಳಿಗೆ ಬಾಗಿಲು ಹಾಕಿದಳು. ನಾಲ್ಕು ಗಂಟೆಗೆ ಪರದೆ ತಣ್ಣಗಿತ್ತು.

ಶನಿವಾರ ಎರಡಕ್ಕೆ ಕಂಪ್ಯೂಟರ್ ಹಾಕಿದಳು. ಕೆಂಪು ಹಲಗೆ ಎದ್ದು ನಿಂತಿತು. ಹದಿಮೂರು ವೈರಸ್.

ನಾಳೆ ಭಾನುವಾರ. ಒಳಗಿನ ಕೋಣೆಯಿಂದ ಅತ್ತೆಯ ಗೊರಕೆ ಕೇಳುತ್ತಿತ್ತು. ಅವಳು ಮತ್ತೆ ಸ್ಕೇಲು ಕೈಗೆತ್ತಿಕೊಂಡಳು. ನಿನ್ನೆ ಎಲ್ಲ ಸಾಲು ಓದಿದ್ದೇನೆ. ಹಾಗಾದರೆ ನಾನು ಓದದ ಇನ್ನೊಂದು ಪಟ್ಟಿ ಇರಲೇಬೇಕು.

ಇತ್ತು. ಕಂಪ್ಯೂಟರ್ ಎಚ್ಚರವಾಗುತ್ತಲೇ ತಾವೂ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ. ಹದಿನಾಲ್ಕು ಸಾಲು. ಹನ್ನೊಂದನೆಯದರ ಹೆಸರು ಬಹಳ ಮರ್ಯಾದಸ್ಥನದು: "ಸಿಸ್ಟಮ್ ಸಹಾಯಕ". ಉಳಿದ ಹದಿಮೂರರ ಎದುರಿಗೂ ಮಾಡಿದವರ ಹೆಸರಿತ್ತು, ಇದರ ಎದುರು ಖಾಲಿ. ಸಹಿಯಿಲ್ಲದ ಕಾಗದವನ್ನು ಅವಳ ಕಚೇರಿಯಲ್ಲಿ ಯಾರೂ ಮುಂದಿನ ಮೇಜಿಗೆ ಕಳಿಸುತ್ತಿರಲಿಲ್ಲ. ಅದು ಇದ್ದ ಜಾಗ ಹುಡುಕಿ ಹೋದರೆ ಅಲ್ಲಿಯೂ ಅದೇ ತಾರೀಕು, ಹತ್ತೊಂಬತ್ತು, ಮಧ್ಯಾಹ್ನ ಎರಡು ಇಪ್ಪತ್ತು. ಅದನ್ನು ನಿಲ್ಲಿಸಿದಳು. ಹೊತ್ತು ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಇನ್ನೊಂದು ಪಟ್ಟಿಯಲ್ಲಿ, ತೆಗೆದುಹಾಕಿದ್ದನ್ನು ಮತ್ತೆ ಕರೆತರುವ ಆಜ್ಞೆಯೊಂದು ಇದೇ ಸಹಾಯಕನ ಹೆಸರಿನಲ್ಲಿತ್ತು. ಅದನ್ನೂ ಅಳಿಸಿದಳು. ಕಂಪ್ಯೂಟರಿನ ಜೊತೆಗೇ ಬಂದಿದ್ದ ರಕ್ಷಣೆಯ ಪ್ರೋಗ್ರಾಮಿಗೆ ಇಡೀ ಯಂತ್ರವನ್ನು ಜಾಲಾಡಲು ಹೇಳಿ, ಅದು ಜಾಲಾಡುವಷ್ಟು ಹೊತ್ತು ಬಟ್ಟೆ ಮಡಚಿದಳು. ಅದು ನಾಲ್ಕು ಚೂರುಗಳನ್ನು ಹಿಡಿದು ತಂದಿತು. ನಾಲ್ಕನ್ನೂ ಹೊರಗೆ ಹಾಕಿಸಿದಳು.

ಕಂಪ್ಯೂಟರನ್ನು ಒಂದು ಸಲ ಆರಿಸಿ ಹಾಕಿದಳು. ಎರಡು ಸಲ. ಮೂರು ಸಲ. ಮೂಲೆಯ ಚೌಕ ಬರಲಿಲ್ಲ. ಕೆಂಪು ಹಲಗೆ ಬರಲಿಲ್ಲ. ಅಕ್ಷರ ಒತ್ತಿದರೆ ಬೆರಳು ಎತ್ತುವ ಮೊದಲೇ ಪರದೆಯ ಮೇಲೆ ಅಕ್ಷರ! ಅವಳು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಆಮೇಲೆ ಒಂದೇ ಲೋಟ ಚಹಾ ಮಾಡಿ, ಕೂತು, ಬಿಸಿಯಾಗಿರುವಾಗಲೇ ಕುಡಿದಳು. ಆ ಮನೆಗೆ ಬಂದ ಮೇಲೆ ಅವಳು ಕುಡಿದ ಚಹಾಗಳಲ್ಲಿ ಬಿಸಿಯಿದ್ದವು ಬೆರಳಲ್ಲಿ ಎಣಿಸುವಷ್ಟು. ಕುಡಿದಾದ ಮೇಲೂ ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತು, ಇನ್ನೊಂದು ಕೆಲಸ ಮುಗಿಸಿಯೇ ಎದ್ದಳು.

ಭಾನುವಾರ ಹನ್ನೊಂದಕ್ಕೆ ಇಂಜಿನಿಯರ್ ಚೀಲ ಹೊತ್ತು ಬಂದ. "ಅತ್ತಿಗೆ, ನೀವು ಸ್ವಲ್ಪ ಆಚೆ ಸರೀರಿ" ಎಂದು ಕುರ್ಚಿ ಎಳೆದುಕೊಂಡ. ಗಂಡ ಬೆನ್ನ ಹಿಂದೆ ನಿಂತ. ಅತ್ತೆ ಸೋಫಾದಲ್ಲಿ ಕೂತು ಹೊಸ ಕಣ್ಣು ಅಗಲಿಸಿದರು. ಹತ್ತು ನಿಮಿಷ ಕಳೆಯಿತು. ಮೈದುನ ಅಲ್ಲಿ ಇಲ್ಲಿ ಒತ್ತಿದ, ನಾಲ್ಕಾರು ಜಾಲತಾಣ ತೆರೆದ, ಗಡ್ಡ ಕೆರೆದುಕೊಂಡ.

"ಅಣ್ಣಾ, ಇದರಲ್ಲಿ ಏನೂ ಇಲ್ವಲ್ಲೋ."

"ಇರ್ಲೇಬೇಕು. ಸರಿಯಾಗಿ ಹುಡುಕು."

"ಇಲ್ದೇ ಇರೋದನ್ನ ಎಲ್ಲಿಂದ ಹುಡುಕ್ಲಿ? ಅತ್ತಿಗೆ, ಯಾರನ್ನಾದ್ರೂ ಕರೆಸಿದ್ರಾ?"

"ಇಲ್ಲಪ್ಪ, ನಾನೇ ತೆಗೆದೆ."

ಅವನು ಕುರ್ಚಿಯನ್ನು ಪೂರ್ತಿ ತಿರುಗಿಸಿದ. "ನೀವಾ? ಸ್ಟಾರ್ಟಪ್ ನೋಡಿದ್ರಾ?"

"ನೋಡಿದೆ. ಸಹಿ ಇಲ್ದಿದ್ದ ಒಂದು ಅಲ್ಲೇ ಕೂತಿತ್ತು."

"ಶೆಡ್ಯೂಲರ್?"

"ಮತ್ತೆ ಮತ್ತೆ ಕರ್ಕೊಂಡು ಬರ್ತಿದ್ದೋನು ಅಲ್ಲಿದ್ದ."

ಮೈದುನ ಚೀಲದ ಜಿಪ್ಪು ಎಳೆದ. "ಅಣ್ಣಾ, ಸುಳ್ಳು ಯಾಕೆ ಹೇಳ್ಲಿ, ನಾನಾಗಿದ್ರೆ ಎಲ್ಲಾ ಒರೆಸಿ ಹಾಕಿ ಎದ್ದು ಹೋಗ್ತಿದ್ದೆ. ಇಷ್ಟು ಹುಡುಕೋ ತಾಳ್ಮೆ ನನ್ನಪ್ಪನಾಣೆ ನಂಗಿಲ್ಲ."

ಗಂಡ ಗಂಟಲು ಸರಿಮಾಡಿಕೊಂಡ. "ಸರಿ, ಆಯ್ತಲ್ಲ, ಸಂತೋಷ. ಈಗ ಆ ಪಾಸ್‌ವರ್ಡ್ ಹಾಕ್ಬಿಡು. ಇನ್ನೊಂದ್ಸಲ ಇವಳು ಏನಾದ್ರೂ ಒತ್ತಿ…"

ಟೈಪಿಂಗ್ ಅಕ್ಕ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು. ಅಂಚು ಬಿಟ್ಟು, ಸಾಲು ಬಿಟ್ಟು, ಅಚ್ಚುಕಟ್ಟಾಗಿ ಟೈಪು ಮಾಡಿದ ಒಂದೇ ಪುಟ. "ಓದ್ತೀನಿ, ಕೇಳಿ. ಫ್ರೀ ಮ್ಯಾಚ್ ಪ್ಲೇಯರ್, ಹತ್ತೊಂಬತ್ತನೇ ತಾರೀಕು. ಅದರ ಜೊತೆ ಬಂದದ್ದು ಕೂಪನ್ ಗೆಳತಿ, ಅದೇ ತಾರೀಕು. ಸ್ಪೀಡ್ ಡಾಕ್ಟರ್, ಅದೇ ತಾರೀಕು. ಸಿಸ್ಟಮ್ ಸಹಾಯಕ, ಅದೇ ತಾರೀಕು, ಮಧ್ಯಾಹ್ನ ಎರಡು ಇಪ್ಪತ್ತು."

"ಹತ್ತೊಂಬತ್ತಾ?" ಅತ್ತೆ ಸೋಫಾದಿಂದ ಮುಂದೆ ಬಾಗಿದರು. "ಅದು ನನ್ನ ಕಣ್ಣಿನ ದಿನ ಅಲ್ವೇನೇ?"

"ಹೌದು ಅತ್ತೆ."

"ಎರಡು ಇಪ್ಪತ್ತಕ್ಕೆ ನಾನು ಪಟ್ಟಿ ಕಟ್ಟಿಸ್ಕೊಂಡು ಮಂಚದ ಮೇಲಿದ್ದೆ. ನೀನು ಪಕ್ಕದಲ್ಲಿ ನನ್ನ ಕೈ ಹಿಡ್ಕೊಂಡಿದ್ದೆ." ಅತ್ತೆಯ ಕತ್ತು ನಿಧಾನವಾಗಿ ಮಗನ ಕಡೆ ತಿರುಗಿತು. "ಅವತ್ತು ಮನೇಲಿದ್ದೋನು ನೀನೊಬ್ಬನೇ ಅಲ್ವೇನೋ?"

"ಅಮ್ಮಾ, ಅದು… ಮ್ಯಾಚ್ ಇತ್ತು. ಪುಕ್ಕಟೆ ತೋರಿಸ್ತೀವಿ ಅಂತ ಇತ್ತು. ನೆಕ್ಸ್ಟ್ ನೆಕ್ಸ್ಟ್ ಅಂತ ಬಂತು, ಒತ್ತಿದೆ. ಎಲ್ಲರೂ ಹಾಗೇ ಒತ್ತೋದು. ಅದನ್ನೆಲ್ಲಾ ಯಾರು ಓದ್ತಾರೆ?"

"ಓದೋಳೊಬ್ಬಳು ಮನೇಲಿದ್ದಾಳಲ್ಲ, ಅವಳನ್ನೇ ನಾಲ್ಕು ಜನರ ಮುಂದೆ ಆಡ್ಕೊಂಡು ನಗ್ತೀಯಲ್ಲ! ಹೆತ್ತ ತಾಯಿ ಕಣ್ಣಿಗೆ ಕತ್ತರಿ ಹಾಕ್ತಿರೋವಾಗ ನಿಂಗೆ ಮ್ಯಾಚು! ಆಸ್ಪತ್ರೆ ವಾಸನೆ ಆಗಲ್ಲ ಅಂದೆ. ಆ ಬಟ್ಟೆ ಇಲ್ದೋಳನ್ನ ಮನೆಗೆ ಕರ್ಕೊಂಡು ಬಂದೋನು ನೀನು, ನಾನು ಇವಳನ್ನ…" ಎಂದವರು ಮಾತನ್ನು ಅಲ್ಲೇ ನುಂಗಿದರು. ಕ್ಷಮಿಸು ಎಂಬ ಪದ ಅವರ ಬಾಯಿಂದ ಬರುವುದಿಲ್ಲ. ಸೊಸೆ ಅದನ್ನು ಕಾಯಲೂ ಇಲ್ಲ. ಮೈದುನ ಮಾತ್ರ ನಗು ತಡೆಯಲಾರದೆ ಮಾನಿಟರಿನ ಹಿಂದೆ ಯಾವುದೋ ವೈರು ಹುಡುಕುವವನಂತೆ ಬಗ್ಗಿದ.

"ಪಾಸ್‌ವರ್ಡ್ ಬೇಕೇ ಬೇಕು, ನೀವು ಹೇಳಿದ್ದು ಸರಿ ಕಣ್ರೀ" ಎಂದಳು ಅವಳು. "ಅದಕ್ಕೇ ನಿನ್ನೆ ಹಾಕಿಬಿಟ್ಟೆ. ಇವತ್ತು ಬೆಳಿಗ್ಗೆ ನಾನೇ ಪಾಸ್‌ವರ್ಡ್ ಒತ್ತಿ ತೆರೆದಿಟ್ಟಿದ್ದೆ, ಅದಕ್ಕೆ ನಿಮಗೆ ಗೊತ್ತಾಗ್ಲಿಲ್ಲ. ನಿಮಗೊಂದು ಖಾತೆ, ಅತ್ತೆಗೊಂದು, ನನಗೊಂದು. ನಿಮ್ಮದರಲ್ಲಿ ನ್ಯೂಸ್ ನೋಡಿ, ಮ್ಯಾಚ್ ನೋಡಿ, ಯಾರೂ ಕೇಳಲ್ಲ. ಹೊಸದೇನಾದ್ರೂ ಒಳಗೆ ಹಾಕ್ಬೇಕು ಅಂದ್ರೆ ಮಾತ್ರ ನನ್ನ ಪಾಸ್‌ವರ್ಡ್ ಕೇಳುತ್ತೆ. ನಾನು ಓದಿ ನೋಡಿ ಹಾಕಿಕೊಡ್ತೀನಿ."

"ಅಂದ್ರೆ ನಾನು ತಂದ ಕಂಪ್ಯೂಟರಿಗೆ ನಾನೇ ನಿನ್ನ ಅಪ್ಪಣೆ ಕೇಳ್ಬೇಕಾ?"

"ಗುರುವಾರ ನೀವು ನನಗೆ ಇಟ್ಟ ಷರತ್ತೇ ಇದು. ನಾನೇನೂ ಹೊಸದು ಸೇರಿಸಿಲ್ಲ."

ಗಂಡ ತಮ್ಮನ ಮುಖ ನೋಡಿದ. ತಮ್ಮ ಚೀಲ ಹೆಗಲಿಗೇರಿಸಿ, "ನ್ಯಾಯವಾಗೇ ಇದೆ ಅಣ್ಣಾ" ಎಂದ. ತಾಯಿಯ ಮುಖ ನೋಡಿದ. ಅವರು, "ನನಗೂ ಒಂದು ಖಾತೆ ಅಂದೆಯಲ್ಲ, ಅದರಲ್ಲಿ ಏನೇನು ಬರುತ್ತೇ?" ಎಂದು ಸೊಸೆಯನ್ನು ಕೇಳುತ್ತಿದ್ದರು.

ಸೋಮವಾರ ಎರಡಕ್ಕೆ ಅವಳು ಕೂತಳು. ಮೂರು ವಾರ ಕುಂಟಿದ್ದ ಬೆರಳುಗಳು ಓಡಿದವು. ಮೂರೂಕಾಲಿಗೆ ಬಾಗಿಲು ಬಡಿಯಿತು. ಕೆಳಗಿನ ಮನೆಯಾಕೆ, ಎದೆಗವಚಿಕೊಂಡ ಲ್ಯಾಪ್‌ಟಾಪಿನೊಂದಿಗೆ. ಇಂಜಿನಿಯರ್ ಮೆಟ್ಟಿಲಿಳಿಯುತ್ತಾ ಸುದ್ದಿಯನ್ನೆಲ್ಲ ಬಿತ್ತಿಕೊಂಡೇ ಹೋಗಿದ್ದ. ಬಾಗಿಲು ತೆರೆದದ್ದು ಅತ್ತೆ.

"ಅಕ್ಕ ಇದ್ದಾರಾ? ನಮ್ಮದರಲ್ಲೂ ಅದೇ ಕೆಂಪು ಹಲಗೆ ಬರ್ತಿದೆ. ಒಂದೇ ನಿಮಿಷ…"

ಅವಳ ಬೆರಳು ನಿಂತವು. ಇಂಥ ಒಂದು ನಿಮಿಷಗಳಿಗೆ ಈ ಮನೆಯಲ್ಲಿ ಅವಳು ಎಷ್ಟು ಸಲ ಎದ್ದಿದ್ದಾಳೋ ಲೆಕ್ಕವಿಲ್ಲ. ಮಗ ಕಚೇರಿಗೆ ಹೋದರೆ ಅತ್ತೆ "ಅವನು ಕೆಲಸಕ್ಕೆ ಹೋಗಿದ್ದಾನೆ" ಎನ್ನುತ್ತಿದ್ದರು. ಸೊಸೆ ಟೈಪು ಮಾಡುತ್ತಿದ್ದರೆ "ಅಲ್ಲೇ ಸುಮ್ಮನೆ ಕೂತಿದ್ದಾಳೆ, ಕರೀತೀನಿ ಇರು" ಎನ್ನುತ್ತಿದ್ದರು. ಅವಳು ಕುರ್ಚಿ ಹಿಂದೆ ಸರಿಸಲು ನೆಲಕ್ಕೆ ಕಾಲೂರಿದಳು.

"ನಾಲ್ಕು ಗಂಟೆ ಮೇಲೆ ಬಾಮ್ಮ" ಎಂದರು ಅತ್ತೆ, ಬಾಗಿಲನ್ನು ಅರ್ಧಕ್ಕೆ ಎಳೆಯುತ್ತಾ. "ಅವಳು ಕೆಲಸದಲ್ಲಿದ್ದಾಳೆ."